ಖಾಲಿ ಇರುವ ಫ್ಲ್ಯಾಟನ್ನು ಬಾಡಿಗೆಗೆ ನೀಡಲು ಮಧ್ಯವರ್ತಿಯ ಆಯ್ಕೆ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಿಂದ ಉದ್ಯೋಗ ನಿಮಿತ್ತ ಬೆಂಗಳೂರು, ಮುಂಬಯಿ ಹಾಗೂ ಕೊಲ್ಲಿ ರಾಷ್ಟ್ರಗಳಿಗೆ ತೆರಳಿದ ಅನೇಕರು ತಮ್ಮ ಉಳಿತಾಯದಿಂದ ಬಿ.ಸಿ.ರೋಡ್, ಮೂಡುಬಿದಿರೆ, ಬೆಳ್ತಂಗಡಿ, ಉಜಿರೆ ಅಥವಾ ಮಂಗಳೂರಿನಲ್ಲಿ ಒಂದು ಫ್ಲ್ಯಾಟ್ ಖರೀದಿಸಿರುತ್ತಾರೆ. ಮಾಲೀಕರು ವಿದೇಶದಲ್ಲಿ, ವಯಸ್ಸಾದ ತಂದೆ ತಾಯಿ ಪುಂಜಾಲಕಟ್ಟೆಯ ಮೂಲಮನೆಯಲ್ಲಿ, ಫ್ಲ್ಯಾಟ್ ಸುಮಾರು 20 ಕಿ.ಮೀ. ದೂರದ ಬಿ.ಸಿ.ರೋಡಿನಲ್ಲಿ – ಇಂತಹ ಸ್ಥಿತಿಯಲ್ಲಿ ಕಟ್ಟಡವು ವರ್ಷಗಟ್ಟಲೆ ಬೀಗ ಹಾಕಿದಂತೆಯೇ ಉಳಿಯುತ್ತದೆ. ಕರಾವಳಿಯ ಒಂದು ಮಳೆಗಾಲ ಪೂರ್ತಿ ಮುಚ್ಚಿಟ್ಟ ಮನೆಯಲ್ಲಿ ಗೋಡೆಗೆ ಬೂಷ್ಟು ಹಿಡಿಯುವುದು, ಬಾಗಿಲು ಚೌಕಟ್ಟಿಗೆ ಗೆದ್ದಲು ತಗಲುವುದು, ಸ್ನಾನಗೃಹದ ಕೊಳವೆಗಳು ಕಟ್ಟಿಕೊಳ್ಳುವುದು ಸಾಮಾನ್ಯ. ಮನೆ ಖಾಲಿ ಇದ್ದರೂ ಆಸ್ತಿ ತೆರಿಗೆ, ಕಟ್ಟಡದ ನಿರ್ವಹಣಾ ವೆಚ್ಚ ಮತ್ತು ವಿದ್ಯುತ್ ಸಂಪರ್ಕದ ನಿಗದಿತ ಶುಲ್ಕವನ್ನು ಮಾಲೀಕರು ಭರಿಸಲೇಬೇಕಾಗುತ್ತದೆ.

ಆದುದರಿಂದ ಬಾಡಿಗೆಗೆ ಕೊಡುವುದು ಸೂಕ್ತವೆಂದು ತೀರ್ಮಾನಿಸಿದವರು ಸಾಮಾನ್ಯವಾಗಿ ಮೊದಲು ಅವಲಂಬಿಸುವುದು ಮಧ್ಯವರ್ತಿಯನ್ನು, ಅಂದರೆ ರೂಢಿಯಲ್ಲಿ ಬ್ರೋಕರ್ ಅಥವಾ ಏಜೆಂಟ್ ಎಂದು ಕರೆಯಲ್ಪಡುವವರನ್ನು. ಮಧ್ಯವರ್ತಿಯನ್ನು ಆರಿಸುವಾಗ ಪರಿಶೀಲಿಸಬೇಕಾದ ವಿಷಯಗಳು, ಅವರೊಂದಿಗೆ ಮಾಡಿಕೊಳ್ಳಬೇಕಾದ ಕರಾರು ಹಾಗೂ ತಕರಾರು ಬಂದಲ್ಲಿ ಲಭ್ಯವಿರುವ ಪರಿಹಾರಗಳ ಬಗ್ಗೆ ಈ ಕೆಳಗೆ ವಿವರಿಸಲಾಗಿದೆ.

ಬಾಡಿಗೆಗೆ ಕೊಟ್ಟರೆ ಮನೆ ಕೈತಪ್ಪುವುದೇ?

ದಕ್ಷಿಣ ಕನ್ನಡದ ಹಿರಿಯ ತಲೆಮಾರಿನವರಲ್ಲಿ ಈ ಭಯ ಇಂದಿಗೂ ಇದೆ. ಇದಕ್ಕೆ ಕಾರಣವೂ ಉಂಟು. ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961 ಕ್ಕೆ ತರಲಾದ ತಿದ್ದುಪಡಿಯು 1-3-1974 ರಿಂದ ಜಾರಿಗೆ ಬಂದು, ಗೇಣಿಗೆ ಉಳುತ್ತಿದ್ದವರಿಗೆ ಕೃಷಿ ಭೂಮಿಯ ಅಧಿಭೋಗದ ಹಕ್ಕು ದೊರೆಯಿತು. ಚಾಲಗೇಣಿ ಹಾಗೂ ಮೂಲಗೇಣಿ ಪದ್ಧತಿ ವ್ಯಾಪಕವಾಗಿದ್ದ ಈ ಜಿಲ್ಲೆಯಲ್ಲಿ ಅದರ ನೆನಪು ಗಾಢವಾಗಿದೆ. "ಇನ್ನೊಬ್ಬರನ್ನು ಕೂರಿಸಿದರೆ ಡಿಕ್ಲರೇಶನ್ ಹಾಕುತ್ತಾರೆ" ಎಂಬ ಮಾತು ಆ ಕಾಲದಿಂದ ಬಂದದ್ದು.

ಆದರೆ ಸದರಿ ಕಾಯ್ದೆಯು ಕೃಷಿ ಜಮೀನಿಗೆ ಸಂಬಂಧಿಸಿದ್ದು. ವಾಸದ ಫ್ಲ್ಯಾಟಿಗೆ ಅನ್ವಯಿಸುವುದಿಲ್ಲ. ಹನ್ನೆರಡು ವರ್ಷ ವಾಸವಿದ್ದ ಬಾಡಿಗೆದಾರನು ತಾನಾಗಿಯೇ ಮಾಲೀಕನಾಗುತ್ತಾನೆ ಎಂಬುದೂ ಸರಿಯಲ್ಲ. ಮಾಲೀಕರ ಒಪ್ಪಿಗೆಯಿಂದ ಒಳಬಂದವನ ಸ್ವಾಧೀನವು ಪ್ರತಿಕೂಲ ಸ್ವಾಧೀನವಲ್ಲ, ಮತ್ತು ಬಾಡಿಗೆದಾರಿಕೆ ಮುಂದುವರಿದಿರುವಾಗ ತನಗೆ ಮನೆ ಕೊಟ್ಟವರ ಮಾಲೀಕತ್ವವನ್ನು ಬಾಡಿಗೆದಾರನು ನಿರಾಕರಿಸುವಂತಿಲ್ಲ. ಇದೆಲ್ಲವೂ ಉಪಯೋಗಕ್ಕೆ ಬರುವುದು ಬಾಡಿಗೆದಾರಿಕೆಯನ್ನು ರುಜುವಾತುಪಡಿಸುವ ಕಾಗದಪತ್ರ ಮಾಲೀಕರ ಕೈಯಲ್ಲಿದ್ದಾಗ ಮಾತ್ರ. ಬಾಯಿಮಾತಿನಲ್ಲಿ, ಏಜೆಂಟರ ಮೂಲಕ, ರಶೀದಿಯಿಲ್ಲದೆ ಕೊಟ್ಟ ಮನೆಯಲ್ಲಿ ಯಾರು ಯಾವ ಷರತ್ತಿನ ಮೇಲೆ ವಾಸವಿದ್ದಾರೆ ಎಂಬುದನ್ನು ಸಾಬೀತುಪಡಿಸುವುದೇ ಕಷ್ಟವಾಗುತ್ತದೆ. ನಿಜವಾದ ಅಪಾಯ ಇರುವುದು ಅಲ್ಲಿ.

ಮಧ್ಯವರ್ತಿಗಳ ನೋಂದಣಿ

ಕರ್ನಾಟಕ ಬಾಡಿಗೆ ಕಾಯ್ದೆ, 1999 ದಿನಾಂಕ 31-12-2001 ರಿಂದ ಜಾರಿಗೆ ಬಂದಿದ್ದು, 1961 ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನವನ್ನು ಪಡೆದಿದೆ. ಈ ಕಾಯ್ದೆಯಲ್ಲಿ ಮಧ್ಯವರ್ತಿಗಳು ಮತ್ತು ಎಸ್ಟೇಟ್ ಏಜೆಂಟರ ನೋಂದಣಿಗೆ ಪ್ರತ್ಯೇಕ ಉಪಬಂಧವಿದ್ದು, ನೋಂದಣಿ ಇಲ್ಲದೆ ವೃತ್ತಿ ನಡೆಸುವುದು ದಂಡನೀಯವಾಗಿದೆ. ಆದುದರಿಂದ ಮಾಲೀಕರು ಏಜೆಂಟರಲ್ಲಿ ಮೊದಲು ಕೇಳತಕ್ಕದ್ದು ನೋಂದಣಿ ಪತ್ರವನ್ನು. ಕೇಳಲು ಸಂಕೋಚಪಡುವ ಅಗತ್ಯವಿಲ್ಲ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸುವುದು ಅವಶ್ಯ. ಕೆಲವು ಏಜೆಂಟರು "ರೇರಾ ನೋಂದಾಯಿತ" ಎಂದು ಫಲಕ ಹಾಕಿರುತ್ತಾರೆ. ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016 ರ ಅಡಿಯಲ್ಲಿ ಏಜೆಂಟರು ಪಡೆಯುವ ನೋಂದಣಿಯು ನೋಂದಾಯಿತ ಯೋಜನೆಗಳಲ್ಲಿನ ನಿವೇಶನ ಹಾಗೂ ಫ್ಲ್ಯಾಟುಗಳ ಮಾರಾಟ ಮತ್ತು ಖರೀದಿಗೆ ಸಂಬಂಧಿಸಿದ್ದು. ಬಾಡಿಗೆ ವ್ಯವಹಾರಕ್ಕೆ ಅಲ್ಲ. ರೇರಾ ಸಂಖ್ಯೆ ಇರುವವರು ಗುರುತು, ವಿಳಾಸ, ಪಾನ್ ಮೊದಲಾದ ದಾಖಲೆಗಳನ್ನು ಒಂದು ಪ್ರಾಧಿಕಾರದ ಮುಂದೆ ಇಟ್ಟಿದ್ದಾರೆ ಎಂಬಷ್ಟರ ಮಟ್ಟಿಗೆ ಅದು ಒಳ್ಳೆಯದೇ. ಆದರೆ ನಿಮ್ಮ ಬಾಡಿಗೆ ಹಣಕ್ಕೆ ಅದು ಭದ್ರತೆಯಲ್ಲ.

ಸಣ್ಣ ಪೇಟೆಗಳಲ್ಲಿ ಮನೆ ತೋರಿಸಿಕೊಡುವವರು ಬಹುಪಾಲು ಕಟ್ಟಡದ ವಾಚ್‌ಮನ್, ರಿಕ್ಷಾ ಚಾಲಕರು, ಜೆರಾಕ್ಸ್ ಅಂಗಡಿಯವರು ಆಗಿರುತ್ತಾರೆ. ಅವರು ಊರಿನವರಾದುದರಿಂದ ಬರುವವರ ಪೂರ್ವಾಪರ ತಿಳಿದಿರುತ್ತದೆ, ಮತ್ತು ಅನೇಕ ವೇಳೆ ಪೇಟೆಯ ಕಚೇರಿಗಳಿಗಿಂತ ಉತ್ತಮವಾಗಿ ಬಾಡಿಗೆದಾರರನ್ನು ಹುಡುಕಿಕೊಡುತ್ತಾರೆ. ಅಂತಹವರಿಂದ ಮಾಹಿತಿ ಪಡೆಯುವುದಕ್ಕೆ ಅಡ್ಡಿಯಿಲ್ಲ. ಆದರೆ ಕೀಲಿ, ಮುಂಗಡ ಹಣ ಮತ್ತು ಸಹಿ ಈ ಮೂರನ್ನೂ ಅವರಿಗೆ ಒಪ್ಪಿಸತಕ್ಕದ್ದಲ್ಲ.

ಆಯ್ಕೆಗೆ ಮುನ್ನ ವಿಚಾರಿಸಬೇಕಾದುದು

ಒಬ್ಬರನ್ನೇ ನಂಬದೆ ಕನಿಷ್ಠ ಇಬ್ಬರು ಮೂವರು ಏಜೆಂಟರಲ್ಲಿ ವಿಚಾರಿಸುವುದು ಲೇಸು. ಅದೇ ಕಟ್ಟಡದಲ್ಲಿ ಅಥವಾ ಪಕ್ಕದ ಕಟ್ಟಡದಲ್ಲಿ ಇತ್ತೀಚೆಗೆ ಯಾವ ಬಾಡಿಗೆಗೆ ಮನೆ ಹೋಗಿದೆ ಎಂಬುದನ್ನು ಫ್ಲ್ಯಾಟ್ ಮಾಲೀಕರ ಸಂಘದಿಂದ ಮೊದಲೇ ತಿಳಿದುಕೊಂಡಲ್ಲಿ, ಏಜೆಂಟರು ಹೇಳುವ ಮೊತ್ತ ಸರಿಯೇ ಎಂದು ಅಳೆಯಬಹುದು. ಅತಿ ಹೆಚ್ಚು ಬಾಡಿಗೆ ಕೊಡಿಸುತ್ತೇನೆ ಎನ್ನುವವರು ಉತ್ತಮ ಏಜೆಂಟರೆಂದು ಭಾವಿಸುವುದು ತಪ್ಪು. ಮೂರು ತಿಂಗಳು ಖಾಲಿ ಬಿದ್ದ ಮನೆಯ ನಷ್ಟವನ್ನು ಸಾವಿರ ರೂಪಾಯಿ ಹೆಚ್ಚಿನ ಬಾಡಿಗೆ ಒಂದು ವರ್ಷದಲ್ಲಿಯೂ ತುಂಬಿಕೊಡುವುದಿಲ್ಲ.

ಏಜೆಂಟರು ಈಗಾಗಲೇ ನೋಡಿಕೊಳ್ಳುತ್ತಿರುವ ಮನೆಗಳ ಇಬ್ಬರು ಮಾಲೀಕರು ಹಾಗೂ ಒಬ್ಬ ಬಾಡಿಗೆದಾರರೊಂದಿಗೆ ಮಾತನಾಡತಕ್ಕದ್ದು. ಬಾಡಿಗೆದಾರರಲ್ಲಿ ಕೇಳಬೇಕಾದ ಪ್ರಶ್ನೆ: ಮುಂಗಡವನ್ನು ಯಾರ ಖಾತೆಗೆ ಪಾವತಿಸಿದಿರಿ? ಮಾಲೀಕರ ಹೆಸರು ಬಾರದೆ ಏಜೆಂಟರ ಹೆಸರು ಬಂದಲ್ಲಿ ಅಂತಹ ಏಜೆಂಟರನ್ನು ಬಿಡುವುದೇ ಕ್ಷೇಮ.

ಮೂಡುಬಿದಿರೆ ಮತ್ತು ಉಜಿರೆಯಲ್ಲಿ ಬಾಡಿಗೆ ಬೇಡಿಕೆ ಹೆಚ್ಚಾಗಿ ವಿದ್ಯಾಸಂಸ್ಥೆಗಳನ್ನು ಅವಲಂಬಿಸಿದೆ. ವಿದ್ಯಾರ್ಥಿಗಳು ಹಾಗೂ ಹೊಸದಾಗಿ ನೇಮಕಗೊಂಡ ಉಪನ್ಯಾಸಕರು ಶೈಕ್ಷಣಿಕ ವರ್ಷದ ಆರಂಭದಲ್ಲಿ ಮನೆ ಹುಡುಕುತ್ತಾರೆ. ಆದುದರಿಂದ ಇಲ್ಲಿ ಏಪ್ರಿಲ್–ಮೇ ತಿಂಗಳಿನಲ್ಲಿಯೇ ಏಜೆಂಟರಿಗೆ ತಿಳಿಸಿಡುವುದು ಉತ್ತಮ. ವಿದ್ಯಾರ್ಥಿಗಳಿಗೆ ಕೊಡಲು ಸಂಘದ ನಿಯಮಾವಳಿಯಲ್ಲಿ ಏನು ಷರತ್ತಿದೆ ಎಂದು ಮೊದಲೇ ನೋಡಿಕೊಳ್ಳಬೇಕು. ಎಷ್ಟು ಮಂದಿ ವಾಸಿಸುತ್ತಾರೆ ಎಂಬುದನ್ನು ಕರಾರಿನಲ್ಲಿ ಹೆಸರು ಸಹಿತ ಬರೆಸಬೇಕು. ಬಿ.ಸಿ.ರೋಡಿನಲ್ಲಿ ಸರಕಾರಿ ಕಚೇರಿಗಳ ಸಿಬ್ಬಂದಿಗಳು, ಬ್ಯಾಂಕ್ ನೌಕರರು ಬಾಡಿಗೆಗೆ ಬರುವುದುಂಟು; ವರ್ಗಾವಣೆ ಆದಾಗ ಅವರು ಬಿಡುತ್ತಾರೆ.

ಏಜೆಂಟರಿಗೆ ಯಾವ ಅಧಿಕಾರ, ಎಷ್ಟು ಅಧಿಕಾರ

ಏಜೆಂಟರ ಕೆಲಸಗಳಲ್ಲಿ ಎರಡು ಬಗೆ. ಒಂದು, ಬಾಡಿಗೆದಾರರನ್ನು ಹುಡುಕಿ ಪರಿಚಯಿಸುವುದು. ಇನ್ನೊಂದು, ಮಾಲೀಕರ ಪರವಾಗಿ ಬಾಡಿಗೆ ವಸೂಲು, ದುರಸ್ತಿ, ತೆರಿಗೆ ಪಾವತಿ ಇತ್ಯಾದಿಗಳನ್ನು ತಿಂಗಳು ತಿಂಗಳು ನಡೆಸುವುದು. ಮೊದಲನೆಯದಕ್ಕೆ ಒಂದು ಬಾರಿಯ ಕಮಿಷನ್. ಒಂದು ತಿಂಗಳ ಬಾಡಿಗೆಯಷ್ಟು ಕೇಳುವ ರೂಢಿ ಹಲವೆಡೆ ಇದ್ದರೂ ಅದು ಮಾತುಕತೆಯಿಂದ ನಿಗದಿಯಾಗುವಂತಹುದು. ಬಾಡಿಗೆದಾರರಿಂದಲೂ ಕಮಿಷನ್ ಪಡೆಯುತ್ತಾರೆಯೇ ಎಂಬುದನ್ನು ಮಾಲೀಕರು ಕೇಳಿ ತಿಳಿದಿರಬೇಕು. ಜಿ.ಎಸ್.ಟಿ. ನೋಂದಣಿ ಇರುವ ಏಜೆಂಟರು ಕಮಿಷನ್ ಮೇಲೆ ಶೇ. 18 ರಷ್ಟು ತೆರಿಗೆ ವಿಧಿಸಬೇಕಾಗಿದ್ದು, ನೋಂದಣಿ ಇಲ್ಲದವರು ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ.

ಎರಡನೆಯ ಬಗೆಯ ಕೆಲಸಕ್ಕೆ ಅಧಿಕಾರಪತ್ರ, ಅಂದರೆ ಪವರ್ ಆಫ್ ಅಟಾರ್ನಿ ಬೇಕೆಂದು ಏಜೆಂಟರು ಹೇಳುವುದುಂಟು. ಇಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಭಾರತೀಯ ಕರಾರು ಕಾಯ್ದೆ, 1872 ರ ಪ್ರಕಾರ ಏಜೆಂಟನು ತನಗಿತ್ತ ಅಧಿಕಾರದ ವ್ಯಾಪ್ತಿಯಲ್ಲಿ ಮಾಡಿದ ಕಾರ್ಯವು ಮಾಲೀಕನೇ ಮಾಡಿದಂತೆ ಆಗುತ್ತದೆ. ಆತನು ಬಾಡಿಗೆದಾರರಿಂದ ಮುಂಗಡ ಪಡೆದು ಮಾಲೀಕರಿಗೆ ತಲುಪಿಸದೇ ಇದ್ದರೂ, ಹಣ ಪಡೆಯುವ ಅಧಿಕಾರ ಕೊಟ್ಟಿದ್ದಲ್ಲಿ ಬಾಡಿಗೆದಾರರಿಗೆ ಅದನ್ನು ಮರುಪಾವತಿಸುವ ಹೊಣೆ ಮಾಲೀಕರ ಮೇಲೆಯೇ ಬೀಳುತ್ತದೆ. ಆದಕಾರಣ ಅಧಿಕಾರಪತ್ರವನ್ನು ತಂದೆ, ತಾಯಿ, ಸಹೋದರ ಮುಂತಾದ ಹತ್ತಿರದ ಸಂಬಂಧಿಕರ ಹೆಸರಿಗೆ ಮಾಡಿ, ಹುಡುಕುವ ಕೆಲಸವನ್ನು ಮಾತ್ರ ಏಜೆಂಟರಿಗೆ ವಹಿಸುವುದು ಹೆಚ್ಚು ಸುರಕ್ಷಿತ. ಪತ್ರವು ನಿರ್ದಿಷ್ಟ ಫ್ಲ್ಯಾಟಿಗೆ, ನಿರ್ದಿಷ್ಟ ಕೆಲಸಗಳಿಗೆ ಮಾತ್ರ ಸೀಮಿತವಾಗಿರಬೇಕು. "ಮಾರಾಟ", "ಅಡಮಾನ", "ಭೋಗ್ಯ" ಎಂಬ ಪದಗಳು ಸಿದ್ಧ ನಮೂನೆಯಲ್ಲಿ ಇದ್ದಲ್ಲಿ ಹೊಡೆದುಹಾಕದೆ ಸಹಿ ಮಾಡತಕ್ಕದ್ದಲ್ಲ.

ವಿದೇಶದಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ಅಧಿಕಾರಪತ್ರವನ್ನು ದೃಢೀಕರಿಸಿ ಕಳುಹಿಸಬಹುದಾಗಿರುತ್ತದೆ. ಅದು ರಾಜ್ಯದಲ್ಲಿ ಮೊದಲು ಸ್ವೀಕೃತವಾದ ದಿನದಿಂದ ಮೂರು ತಿಂಗಳೊಳಗೆ ಕರ್ನಾಟಕ ಮುದ್ರಾಂಕ ಕಾಯ್ದೆ, 1957 ರಂತೆ ಮುದ್ರಾಂಕ ಶುಲ್ಕ ಪಾವತಿಸಬೇಕು. ಈ ಅವಧಿಯನ್ನು ಅನೇಕರು ಮರೆಯುತ್ತಾರೆ.

ಬೆಂಗಳೂರಿನಲ್ಲಿ ಪದೇ ಪದೇ ವರದಿಯಾದ ಒಂದು ವಂಚನೆಯ ಕ್ರಮವನ್ನು ಇಲ್ಲಿ ತಿಳಿಸುವುದು ಉಚಿತ. ಮನೆ ನಿರ್ವಹಣಾ ಸಂಸ್ಥೆಯವರೆಂದು ಹೇಳಿಕೊಂಡವರು ಮಾಲೀಕರಿಂದ ಫ್ಲ್ಯಾಟನ್ನು ಮಾಸಿಕ ಬಾಡಿಗೆಗೆ ತಾವೇ ಪಡೆಯುತ್ತಾರೆ. ನಂತರ ಮಾಲೀಕರಿಗೆ ತಿಳಿಯದಂತೆ ಅದೇ ಫ್ಲ್ಯಾಟನ್ನು ಬೇರೊಂದು ಕುಟುಂಬಕ್ಕೆ ಹಲವು ಲಕ್ಷ ರೂಪಾಯಿಗಳ ಒಟ್ಟು ಮೊತ್ತಕ್ಕೆ ಲೀಸಿಗೆ, ಅಂದರೆ ಭೋಗ್ಯಕ್ಕೆ ಕೊಡುತ್ತಾರೆ. ಕೆಲವು ತಿಂಗಳು ಮಾಲೀಕರ ಖಾತೆಗೆ ಬಾಡಿಗೆ ಕ್ರಮವಾಗಿ ಬರುತ್ತದೆ. ಮಾಲೀಕರಿಗೆ ಸಂಶಯವೇ ಬರುವುದಿಲ್ಲ. ಆ ಮೇಲೆ ಬಾಡಿಗೆ ನಿಲ್ಲುತ್ತದೆ, ಕಚೇರಿ ಮುಚ್ಚುತ್ತದೆ. ಮಾಲೀಕರು ಬಂದು ನೋಡಿದಾಗ ಒಳಗೆ ಇರುವ ಕುಟುಂಬವು ತನ್ನ ಜೀವಮಾನದ ಉಳಿತಾಯ ಕೊಟ್ಟಿರುತ್ತದೆ. ಹಣ ಮರಳದೆ ಬಿಡಲು ಒಪ್ಪುವುದಿಲ್ಲ. ಎರಡೂ ಕಡೆಯವರು ನಿರಪರಾಧಿಗಳು, ವ್ಯಾಜ್ಯ ಮಾತ್ರ ಅವರಿಬ್ಬರ ನಡುವೆ. ಇದನ್ನು ತಡೆಯುವ ಉಪಾಯ ಸರಳ: ಬಾಡಿಗೆ ಕರಾರಿನಲ್ಲಿ ವಾಸ ಮಾಡುವವರ ಹೆಸರೇ ಇರಬೇಕು, ಉಪಬಾಡಿಗೆಯನ್ನು ಸ್ಪಷ್ಟವಾಗಿ ನಿಷೇಧಿಸಿರಬೇಕು, ಮತ್ತು ಮಾಲೀಕರ ಕಡೆಯವರೊಬ್ಬರು ಕೀಲಿ ಕೊಡುವ ದಿನ ಖುದ್ದಾಗಿ ಹೋಗಿ ವಾಸಕ್ಕೆ ಬಂದವರ ಮುಖ ನೋಡಿ ಮಾತನಾಡಬೇಕು.

ಏಜೆಂಟರೊಂದಿಗಿನ ಕರಾರು

ಒಂದು ಪುಟದ ಲಿಖಿತ ಕರಾರಾದರೂ ಇರತಕ್ಕದ್ದು. ಕಮಿಷನ್ ಎಷ್ಟು, ಯಾವಾಗ ಪಾವತಿ, ಬಾಡಿಗೆದಾರರು ಎರಡು ತಿಂಗಳಲ್ಲೇ ಬಿಟ್ಟುಹೋದರೆ ಮತ್ತೊಬ್ಬರನ್ನು ಹುಡುಕಲು ಪುನಃ ಕಮಿಷನ್ ಕೊಡಬೇಕೇ, ಕರಾರು ನವೀಕರಣಕ್ಕೆ ಕಮಿಷನ್ ಉಂಟೇ, ಮಾಲೀಕರನ್ನು ಕೇಳದೆ ದುರಸ್ತಿಗೆ ಎಷ್ಟು ಮೊತ್ತದವರೆಗೆ ಖರ್ಚು ಮಾಡಬಹುದು ಎಂಬುದನ್ನು ಅದರಲ್ಲಿ ಬರೆಯಬೇಕು. ನವೀಕರಣದ ಕಮಿಷನ್ ಬಗ್ಗೆ ಬರೆಯದೇ ಇರುವುದರಿಂದಲೇ ಪ್ರತಿ 11 ತಿಂಗಳಿಗೊಮ್ಮೆ ಜಗಳ ಏಳುತ್ತದೆ.

ಮಾಲೀಕರು ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸುವುದು ಏಜೆಂಟರ ಕರ್ತವ್ಯವೆಂದು ಕರಾರು ಕಾಯ್ದೆಯ 213 ನೇ ಪ್ರಕರಣವು ಹೇಳುತ್ತದೆ. ಆದುದರಿಂದ ಕರಾರಿನಲ್ಲಿ ಬರೆಯದೇ ಇದ್ದರೂ ಲೆಕ್ಕ ಕೇಳುವ ಹಕ್ಕು ಮಾಲೀಕರಿಗೆ ಇದ್ದೇ ಇದೆ. ಏಜೆಂಟರನ್ನು ಬಿಡಿಸಿದಾಗ ಆ ಸಂಗತಿಯನ್ನು ಬಾಡಿಗೆದಾರರಿಗೂ ಲಿಖಿತವಾಗಿ ತಿಳಿಸಬೇಕು. ಅದೇ ಕಾಯ್ದೆಯ 208 ನೇ ಪ್ರಕರಣದಂತೆ, ಏಜೆನ್ಸಿ ಕೊನೆಗೊಂಡದ್ದು ಮೂರನೆಯವರಿಗೆ ತಿಳಿಯುವವರೆಗೆ ಅವರ ಮಟ್ಟಿಗೆ ಅದು ಮುಂದುವರಿದಂತೆಯೇ. ಅಂದರೆ, ಬಿಡಿಸಿದ ಏಜೆಂಟರಿಗೆ ತಿಳಿಯದೆ ಬಾಡಿಗೆ ಕೊಟ್ಟ ಬಾಡಿಗೆದಾರರನ್ನು ಪುನಃ ಬಾಡಿಗೆ ಕೊಡಿ ಎಂದು ಕೇಳುವುದು ಕಷ್ಟ.

ಬಾಡಿಗೆ ಕರಾರು

ಕರ್ನಾಟಕ ಬಾಡಿಗೆ ಕಾಯ್ದೆಯ ಮೊದಲನೇ ಅನುಸೂಚಿಯ ‘ಎ’ ಭಾಗದ ಪ್ರದೇಶಗಳಲ್ಲಿ ಮಾಸಿಕ ರೂ. 3,500, ಇತರೆ ಪ್ರದೇಶಗಳಲ್ಲಿ ರೂ. 2,000 ಮೀರಿದ ಪ್ರಮಾಣಿತ ಬಾಡಿಗೆಯ ಕಟ್ಟಡಗಳು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಇಂದಿನ ಬಾಡಿಗೆ ದರಗಳಲ್ಲಿ ಬಹುತೇಕ ಫ್ಲ್ಯಾಟುಗಳಿಗೆ ಸ್ವತ್ತು ವರ್ಗಾವಣೆ ಕಾಯ್ದೆ, 1882 ಮತ್ತು ಉಭಯಪಕ್ಷಗಳು ಬರೆದುಕೊಂಡ ಕರಾರೇ ಆಧಾರ. ಹೀಗಾಗಿ ಏಜೆಂಟರು ಕಂಪ್ಯೂಟರಿನಿಂದ ತೆಗೆದುಕೊಡುವ ಸಿದ್ಧ ನಮೂನೆಯನ್ನು ಓದದೆ ಸಹಿ ಮಾಡತಕ್ಕದ್ದಲ್ಲ. ಕರಾರಿನಲ್ಲಿ ಬೇರೆ ಅವಧಿ ಹೇಳಿರದಿದ್ದಲ್ಲಿ ವಾಸದ ಮನೆಯ ಬಾಡಿಗೆದಾರಿಕೆಯನ್ನು 15 ದಿನಗಳ ನೋಟೀಸಿನಿಂದ ಕೊನೆಗೊಳಿಸಬಹುದಾಗಿರುತ್ತದೆ; ಒಂದು ಅಥವಾ ಎರಡು ತಿಂಗಳೆಂದು ಬರೆದುಕೊಳ್ಳುವುದು ಇಬ್ಬರಿಗೂ ಅನುಕೂಲ.

ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಪತ್ರವನ್ನು ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು ಕಡ್ಡಾಯ. 11 ತಿಂಗಳ ಕರಾರಿನ ರೂಢಿ ಬಂದದ್ದು ಇದೇ ಕಾರಣದಿಂದ. ಆದರೆ 11 ತಿಂಗಳ ಕರಾರಿಗೂ ಮುದ್ರಾಂಕ ಶುಲ್ಕ ಉಂಟು. ಅದನ್ನು ಬಾಡಿಗೆ ಮತ್ತು ಮುಂಗಡವನ್ನು ಗಣನೆಗೆ ತೆಗೆದುಕೊಂಡು ಲೆಕ್ಕ ಹಾಕಬೇಕೇ ಹೊರತು ಕೈಗೆ ಸಿಕ್ಕ ಛಾಪಾಕಾಗದದಲ್ಲಿ ಬರೆದರೆ ಸಾಲದು. ಶುಲ್ಕ ಕಡಿಮೆಯಾದ ಪತ್ರವನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬೇಕಾದಲ್ಲಿ ಕೊರತೆಯ ಶುಲ್ಕದೊಂದಿಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ಕೇಂದ್ರ ಸರಕಾರವು 2021 ರಲ್ಲಿ ರೂಪಿಸಿದ ಮಾದರಿ ಬಾಡಿಗೆದಾರಿಕೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಮುಂಗಡ ಎಂದು ಸೂಚಿಸಲಾಗಿದೆ. ಅದು ರಾಜ್ಯಗಳಿಗೆ ನೀಡಿದ ಮಾದರಿ ಮಾತ್ರ. ತಾನಾಗಿ ಜಾರಿಗೆ ಬರುವಂತಹುದಲ್ಲ. ಮುಂಗಡ ಎಷ್ಟೇ ಇರಲಿ, ಅದು ಬಾಡಿಗೆದಾರರಿಗೆ ಮರಳಿಸಬೇಕಾದ ಹಣ ಎಂಬುದನ್ನು ಮರೆತು ಖರ್ಚು ಮಾಡಿಬಿಟ್ಟ ಮಾಲೀಕರು ಮನೆ ಬಿಡಿಸುವ ಹೊತ್ತಿನಲ್ಲಿ ತೊಂದರೆಗೆ ಸಿಲುಕುತ್ತಾರೆ.

ಪೊಲೀಸ್ ಠಾಣೆಗೆ ಮಾಹಿತಿ, ವಿದ್ಯುತ್ ಸಂಪರ್ಕ

ಬಾಡಿಗೆದಾರರ ಗುರುತಿನ ದಾಖಲೆ ಹಾಗೂ ಭಾವಚಿತ್ರವನ್ನು ಪಡೆದು ಸಂಬಂಧಪಟ್ಟ ಪೊಲೀಸ್ ಠಾಣೆಗೆ ಮಾಹಿತಿ ನೀಡುವುದು ಹಿತಕರ. ಮೂಡುಬಿದಿರೆ ಠಾಣೆಯು ಮಂಗಳೂರು ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಯಲ್ಲಿದೆ. ಪುಂಜಾಲಕಟ್ಟೆ, ಬಂಟ್ವಾಳ ಮತ್ತು ಬೆಳ್ತಂಗಡಿ ಠಾಣೆಗಳು ಜಿಲ್ಲಾ ಪೊಲೀಸ್ ವ್ಯಾಪ್ತಿಯಲ್ಲಿವೆ. ಮಾಹಿತಿ ನೀಡಬೇಕಾದುದು ಫ್ಲ್ಯಾಟ್ ಇರುವ ಸ್ಥಳದ ಠಾಣೆಗೆ, ಮಾಲೀಕರ ಊರಿನ ಠಾಣೆಗೆ ಅಲ್ಲ.

2023 ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಡಿ ಬಾಡಿಗೆದಾರರು ತಮ್ಮ ಆಧಾರ್ ಸಂಖ್ಯೆಯನ್ನು ಮನೆಯ ಆರ್.ಆರ್. ಸಂಖ್ಯೆಗೆ ಜೋಡಿಸಬಹುದಾಗಿದೆ. ಇದರಿಂದ ಮನೆಯ ಮೇಲೆ ಅವರಿಗೆ ಯಾವ ಹಕ್ಕೂ ಬರುವುದಿಲ್ಲ. ಮಾಲೀಕರು ಆತಂಕಪಡುವ ಅಗತ್ಯವಿಲ್ಲ. ಮನೆ ಬಿಡುವಾಗ ಜೋಡಣೆಯನ್ನು ತೆಗೆಸಿ ಹೋಗುವಂತೆ ಮಾತ್ರ ನೋಡಿಕೊಳ್ಳಬೇಕು.

ತೆರಿಗೆ

ಬಾಡಿಗೆ ಆದಾಯವನ್ನು ಮನೆ ಆಸ್ತಿಯ ಆದಾಯವೆಂದು ಲೆಕ್ಕ ಹಾಕುವಾಗ, ಮಾಲೀಕರು ಆ ವರ್ಷ ನಿಜವಾಗಿ ಪಾವತಿಸಿದ ಆಸ್ತಿ ತೆರಿಗೆಯನ್ನು ಕಳೆದು, ಉಳಿದ ಮೊತ್ತದಲ್ಲಿ ಶೇ. 30 ರಷ್ಟನ್ನು ದುರಸ್ತಿ ಮುಂತಾದ ವೆಚ್ಚಗಳಿಗಾಗಿ ಕಳೆಯಲಾಗುತ್ತದೆ. ಈ ಶೇ. 30 ರ ಹೊರತು ಏಜೆಂಟರ ಕಮಿಷನ್, ಬಣ್ಣ ಬಳಿಸಿದ ಖರ್ಚು ಇತ್ಯಾದಿಗಳನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ. "ಕಮಿಷನ್‌ಗೆ ತೆರಿಗೆ ವಿನಾಯಿತಿ ಸಿಗುತ್ತದೆ" ಎಂದು ಏಜೆಂಟರು ಹೇಳಿದಲ್ಲಿ ನಂಬತಕ್ಕದ್ದಲ್ಲ.

ಅನಿವಾಸಿ ಭಾರತೀಯ ಮಾಲೀಕರ ವಿಷಯದಲ್ಲಿ ಬಾಡಿಗೆ ಎಷ್ಟೇ ಸಣ್ಣದಿದ್ದರೂ ಬಾಡಿಗೆದಾರರು ಶೇ. 30 ಹಾಗೂ ಅದರ ಮೇಲಿನ ಸೆಸ್ ಅನ್ನು ಮೂಲದಲ್ಲಿಯೇ ಕಡಿತ ಮಾಡಬೇಕಾಗಿದೆ. ಮಾಲೀಕರು ವಿದೇಶದಲ್ಲಿದ್ದಾರೆ ಎಂಬುದನ್ನು ಬಚ್ಚಿಟ್ಟು ತಂದೆಯ ಹೆಸರಿನಲ್ಲಿ ಕರಾರು ಮಾಡಿಸುವ ಏಜೆಂಟರು ಬಾಡಿಗೆದಾರರನ್ನೂ ಮಾಲೀಕರನ್ನೂ ಒಟ್ಟಿಗೆ ತೊಂದರೆಗೆ ಈಡುಮಾಡುತ್ತಾರೆ. ಬಾಡಿಗೆಯನ್ನು ಮಾಲೀಕರ ಎನ್.ಆರ್.ಓ. ಖಾತೆಗೆ ನೇರವಾಗಿ ಜಮೆ ಮಾಡಿಸುವುದು ಸೂಕ್ತ.

ತಕರಾರು ಉಂಟಾದಲ್ಲಿ

ಬಾಡಿಗೆದಾರರು ಬಿಡದಿದ್ದಲ್ಲಿ "ನಾವೇ ಖಾಲಿ ಮಾಡಿಸಿಕೊಡುತ್ತೇವೆ" ಎನ್ನುವ ಏಜೆಂಟರಿಂದ ದೂರವಿರತಕ್ಕದ್ದು. ನ್ಯಾಯಾಲಯದ ಆದೇಶವಿಲ್ಲದೆ ಬೀಗ ಬದಲಾಯಿಸುವುದು, ಸಾಮಾನು ಹೊರಗಿಡುವುದು, ನೀರು ಅಥವಾ ವಿದ್ಯುತ್ ಕಡಿತ ಮಾಡುವುದು ಕಾನೂನುಬಾಹಿರವಾಗಿದ್ದು, ಏಜೆಂಟರು ಮಾಡಿದರೂ ಮಾಲೀಕರು ಉತ್ತರದಾಯಿಗಳಾಗುತ್ತಾರೆ. ನೋಟೀಸು ನೀಡಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವುದೇ ಮಾರ್ಗ.

ಏಜೆಂಟರು ಕಮಿಷನ್ ಪಡೆದು ಸೇವೆ ಒದಗಿಸದಿದ್ದಲ್ಲಿ ಅಥವಾ ಸೇವೆಯಲ್ಲಿ ನ್ಯೂನತೆ ಇದ್ದಲ್ಲಿ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019 ರಂತೆ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ, ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದಾಗಿರುತ್ತದೆ. ಸೇವೆಗಾಗಿ ಪಾವತಿಸಿದ ಪ್ರತಿಫಲ ರೂ. 5 ಲಕ್ಷ ಮೀರದಿದ್ದಲ್ಲಿ ದೂರಿಗೆ ಶುಲ್ಕವಿಲ್ಲ. ದೂರಿನೊಂದಿಗೆ ಏಜೆಂಟರೊಂದಿಗಿನ ಕರಾರು, ಕಮಿಷನ್ ಪಾವತಿಯ ಬ್ಯಾಂಕ್ ವಿವರ ಹಾಗೂ ಕಳುಹಿಸಿದ ಸಂದೇಶಗಳ ಪ್ರತಿಯನ್ನು ಲಗತ್ತಿಸತಕ್ಕದ್ದು. ಮುಂಗಡ ಅಥವಾ ಬಾಡಿಗೆ ಹಣವನ್ನು ದುರುಪಯೋಗಪಡಿಸಿಕೊಂಡ ಪ್ರಕರಣಗಳಲ್ಲಿ ಸ್ಥಳೀಯ ಪೊಲೀಸ್ ಠಾಣೆಗೆ ದೂರು ನೀಡಬೇಕು.

ಅಂತರ್ಜಾಲದಲ್ಲಿ ಜಾಹೀರಾತು ಕೊಟ್ಟ ಮಾಲೀಕರಿಗೆ ಸೈನ್ಯದ ಅಧಿಕಾರಿಯೆಂದು ಹೇಳಿಕೊಂಡು ಕರೆ ಮಾಡಿ, ಮನೆ ನೋಡದೆಯೇ ಮುಂಗಡ ಕಳುಹಿಸುವುದಾಗಿ ನಂಬಿಸಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಲು ಸೂಚಿಸುವವರು ವಂಚಕರಾಗಿರುತ್ತಾರೆ. ಹಣ ಪಡೆಯಲು ಕೋಡ್ ಸ್ಕ್ಯಾನ್ ಮಾಡುವ ಅಥವಾ ಪಿನ್ ನಮೂದಿಸುವ ಅಗತ್ಯವಿಲ್ಲ. ಹಣ ಕಳೆದುಕೊಂಡಲ್ಲಿ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930 ಕ್ಕೆ ಕರೆ ಮಾಡತಕ್ಕದ್ದು. ಬೇಗ ತಿಳಿಸಿದಷ್ಟೂ ಹಣವನ್ನು ಮುಂದಿನ ಖಾತೆಗೆ ವರ್ಗವಾಗದಂತೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.